ಕ್ಯಾನುಗಳ ಸಾಲಿನಲ್ಲಿ ಎದ್ದ ಕೈಗಳು

ಬಜ್ಪೆ

ಹೋಗಬೇಡ ಎಂದು ನನಗೆ ಹೇಳದೆ ಉಳಿದದ್ದು ಮಂಗಳೂರಿನ ನಮ್ಮ ಕೊಟ್ಟಾರದ ಬೀದಿಯ ನಾಯಿಗಳು ಮಾತ್ರ. ಟಿವಿಯಲ್ಲಿ ಹೊತ್ತು ಹೊತ್ತಿಗೆ ಶ್ರೀಲಂಕಾವನ್ನು ತೋರಿಸುತ್ತಿದ್ದರು. ಪೆಟ್ರೋಲಿಗೆ ಸಾಲು, ಗ್ಯಾಸಿಗೆ ಸಾಲು, ಹಾಲಿನ ಪುಡಿಗೆ ಸಾಲು. ದೇಶದಲ್ಲಿ ಡಾಲರ್ ಮುಗಿದು, ಎಣ್ಣೆ ತಂದ ಹಡಗುಗಳು ಹಣ ಸಿಗದೆ ಬಂದರಿನ ಹೊರಗೇ ಕಾಯುತ್ತಿದ್ದ ದಿನಗಳು ಅವು. "ಅಲ್ಲಿ ಕುಡಿಲಿಕ್ಕೆ ಸರಿಯಾಗಿ ಚಾ ಕೂಡ ಸಿಗುವುದಿಲ್ಲವಂತೆ. ಎಂತಕ್ಕೆ ಹೋಗ್ತೀರಿ ಟೀಚರೇ?" ಎಂದು ಪಕ್ಕದ ಮನೆಯ ಸುಮತಿ ಗೇಟು ಹಿಡಿದು ನಿಂತು ಕೇಳಿದಳು. ಚಾ ಸಿಗದ ಸಿಲೋನ್ ನೋಡಲಿಕ್ಕಾದರೂ ಹೋಗಬೇಕಲ್ಲ ಎಂದು ನಾನು ನಕ್ಕೆ. ಒಳಗೆ ಹೆದರಿಕೆ ಇತ್ತು.

ಆದರೆ ಹೋಗದೆ ಇರುವ ಹಾಗಿರಲಿಲ್ಲ. ನನ್ನ ತಂಗಿ ಲಿಲ್ಲಿ ಕುವೈಟಿನಲ್ಲಿ ನರ್ಸ್ ಆಗಿದ್ದಾಗ ಅಲ್ಲೇ ಸಿಕ್ಕಿದ ನೆಗೊಂಬೋದ ಆಂಟನ್‌ನನ್ನು ಮದುವೆಯಾಗಿ ಆ ಊರಿನಲ್ಲಿ ನೆಲೆಸಿದವಳು. ಅವಳ ಮಗಳಿಗೆ ಮದುವೆ ನಿಶ್ಚಯವಾಗಿತ್ತು. ಮದುವೆಗೆ ಮೊದಲು ರೋಸ್ ಆಗಬೇಕು. ರೋಸ್ ಎಂದರೆ ನಮ್ಮ ಕ್ರೈಸ್ತರ ಮನೆಗಳಲ್ಲಿ ಮದುಮಗಳಿಗೆ ತೆಂಗಿನ ಹಾಲು, ತೆಂಗಿನೆಣ್ಣೆ ಹಚ್ಚಿ ಮೀಯಿಸುವ ಶಾಸ್ತ್ರ. ಎಣ್ಣೆ ತವರಿನಿಂದಲೇ ಹೋಗಬೇಕೆಂದು ನಮ್ಮ ಅಮ್ಮ ಹಟ ಹಿಡಿದರು. ಅವರು ಹಟ ಹಿಡಿದರೆ ಬಿಷಪ್ ಬಂದರೂ ಬಿಡಿಸಲಿಕ್ಕಾಗುವುದಿಲ್ಲ. ಹಾಗಾಗಿ ಗಾಣದಿಂದ ಆಗಷ್ಟೇ ತಂದ ಎಣ್ಣೆಯನ್ನು ಎರಡು ದೊಡ್ಡ ಬಿಳಿ ಪ್ಲಾಸ್ಟಿಕ್ ಕ್ಯಾನುಗಳಲ್ಲಿ ತುಂಬಿಸಿ, ಬಾಯಿಗೆ ರಬ್ಬರ್ ಸುತ್ತಿ, ಟೇಪು ಬಿಗಿದು, ತೆಂಗಿನ ನಾಡಿಗೆ ತೆಂಗಿನೆಣ್ಣೆ ಹೊತ್ತುಕೊಂಡು ಹೊರಟೆ. ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಲಗೇಜು ತೂಗುವ ಹುಡುಗಿ ನನ್ನ ಮುಖವನ್ನೂ ಕ್ಯಾನನ್ನೂ ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು.

ಕಟುನಾಯಕೆ

ಕೊಲಂಬೋದ ವಿಮಾನ ನಿಲ್ದಾಣ ಇರುವುದು ಕಟುನಾಯಕೆಯಲ್ಲಿ. ಅಲ್ಲಿಂದ ನೆಗೊಂಬೋ ಹತ್ತಿರ. ಕರೆದುಕೊಂಡು ಹೋಗಲು ಬರಬೇಕಿದ್ದ ಆಂಟನ್‌ನ ವ್ಯಾನಿನಲ್ಲಿ ಡೀಸೆಲ್ ಇರಲಿಲ್ಲ. ಅವನ ಪರಿಚಯದ ಒಂದು ರಿಕ್ಷಾ ಬಂತು. ರಸ್ತೆಯುದ್ದಕ್ಕೂ ವಾಹನಗಳು ಒಂದರ ಹಿಂದೆ ಒಂದು ನಿಂತಿದ್ದವು, ಯಾವುದರ ಎಂಜಿನ್ನೂ ಓಡುತ್ತಿರಲಿಲ್ಲ. ಒಬ್ಬ ಬಸ್ಸಿನ ಡ್ರೈವರ್ ಚಕ್ರಕ್ಕೆ ಒರಗಿ ಗಡ್ಡ ಹೆರೆದುಕೊಳ್ಳುತ್ತಿದ್ದ. ನಮ್ಮ ಪಂಪ್‌ವೆಲ್ ಸರ್ಕಲ್ಲಿನಲ್ಲಿ ಸಿಗ್ನಲ್ ಸ್ವಲ್ಪ ತಡವಾದರೆ ಹಾರ್ನಿನಲ್ಲೇ ಒಬ್ಬರ ಅಪ್ಪನನ್ನು ಇನ್ನೊಬ್ಬರು ಬೈಯುತ್ತಾರೆ. ಇಲ್ಲಿ ಹಾರ್ನೇ ಇಲ್ಲ. ಆ ಮೌನ ನನಗೆ ಯಾಕೋ ಸರಿ ಕಾಣಲಿಲ್ಲ.

ಎಣ್ಣೆಯ ಕ್ಯಾನು ಕಂಡರೆ ಯಾರಾದರೂ ಕಸಿದುಕೊಂಡಾರು ಎಂದು ನನಗೆ ದಿಗಿಲು. ಬ್ಯಾಗಿನಿಂದ ಬೆಡ್‌ಶೀಟ್ ತೆಗೆದು ಎರಡಕ್ಕೂ ಹೊದಿಸಿದೆ. ರಿಕ್ಷಾದವನು ಕನ್ನಡಿಯಲ್ಲಿ ನೋಡಿ ಏನೋ ಕೇಳಿದ. ನನಗೆ ಅವನ ಭಾಷೆ ತಿಳಿಯದು. ಕ್ಲಾಸಿನಲ್ಲಿ ಮಕ್ಕಳಿಗೆ ಮಾಡುವ ಹಾಗೆ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದೆ. ಅವನು ತಲೆಯಾಡಿಸಿ ಮತ್ತೆ ಮಾತಾಡಲಿಲ್ಲ. ಮನೆಯ ಮುಂದೆ ಇಳಿಯುವಾಗಲೂ ಬೆಡ್‌ಶೀಟ್ ಸಮೇತ ಕ್ಯಾನುಗಳನ್ನು ಅಪ್ಪಿಕೊಂಡು, ಬೀದಿಯನ್ನು ಎರಡೂ ಕಡೆ ನೋಡಿ, ಸರಕ್ಕನೆ ಒಳಗೆ ಸೇರಿದೆ. ಬಹಳ ಜಾಣತನ ಮಾಡಿದೆ ಎಂದುಕೊಂಡಿದ್ದೆ.

ನೆಗೊಂಬೋ, ಕಡಲ ಬದಿ

ಮರುದಿನ ಬೆಳಿಗ್ಗೆ ಆಂಟನ್ ನನ್ನನ್ನು ಕಡಲ ಬದಿಗೆ ಕರೆದುಕೊಂಡು ಹೋದ. ಎದುರಿಗೆ ಇಗರ್ಜಿ, ಅಂದರೆ ಚರ್ಚು, ಮೂಲೆಮೂಲೆಗೆ ಗಾಜಿನ ಗೂಡಿನಲ್ಲಿ ಮಾತೆ ಮರಿಯಮ್ಮ, ಹೊಯಿಗೆಯ ಮೇಲೆ ಗೋಣಿ ಹಾಸಿ ಒಣಗಲು ಹರಡಿದ ಮೀನು. ಕಣ್ಣು ಮುಚ್ಚಿದರೆ ಮೂಗಿಗೆ ನಮ್ಮೂರೇ. ಆದರೆ ಆಂಟನ್‌ನದೂ ಸೇರಿ ದೋಣಿಗಳೆಲ್ಲ ಮೇಲೆ ಎಳೆದಿಟ್ಟಲ್ಲೇ ಇದ್ದವು. ಅವುಗಳ ಎಂಜಿನಿಗೆ ಸೀಮೆಎಣ್ಣೆ ಬೇಕು. ಅದು ಬಾರದೆ ವಾರಗಳಾಗಿದ್ದವು.

ಎಣ್ಣೆ ಹಂಚುವ ಶೆಡ್ಡಿನ ಮುಂದೆ ಖಾಲಿ ಕ್ಯಾನುಗಳ ಸಾಲು. ಬಿಳಿ, ನೀಲಿ, ಹಳದಿ. ಒಂದರ ಹಿಡಿಯಿಂದ ಇನ್ನೊಂದರ ಹಿಡಿಗೆ ಉದ್ದಕ್ಕೆ ಒಂದೇ ಹಗ್ಗ ಪೋಣಿಸಿ ಎರಡೂ ತುದಿಗೆ ಗಂಟು ಹಾಕಿದ್ದರು. ಜನ ಮನೆಯಲ್ಲಿ, ಸಾಲಿನಲ್ಲಿ ಕ್ಯಾನು. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಜಾಗ ಹಿಡಿಯುವವರ ಊರಿನವಳಾದ ನನಗೆ ಈ ಏರ್ಪಾಡು ಬಹಳ ಹಿಡಿಸಿತು.

"ಹಗ್ಗ ನಾನೇ ಕಟ್ಟಿದ್ದು ಅಕ್ಕಾ," ಎಂದ ಆಂಟನ್. ಕುವೈಟಿನಲ್ಲಿ ಮಂಗಳೂರಿನವರ ಜೊತೆ ಇದ್ದು ಕಲಿತ ಅವನ ಕೊಂಕಣಿ ಕಲ್ಲುರಸ್ತೆಯಲ್ಲಿ ಹೋಗುವ ಸೈಕಲಿನ ಹಾಗೆ ಕುಲುಕುತ್ತದೆ. ಅದನ್ನೂ ಲಿಲ್ಲಿಯ ಮಾತನ್ನೂ ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. "ಎಣ್ಣೆ ಕಮ್ಮಿಯಾದಾಗ ಎಲ್ಲರೂ ಇಗರ್ಜಿಯ ಎದುರು ಸೇರಿ ಕೈ ಎತ್ತಿ ನನ್ನನ್ನು ಸಾಲಿನ ಮುಖ್ಯಸ್ಥ ಮಾಡಿದ್ರು. ಯಾವ ದೋಣಿಗೆ ಎಷ್ಟು ಅಂತ ನಾನೇ ಹೇಳುವುದು. ಈವರೆಗೆ ಒಂದು ಜಗಳ ಇಲ್ಲ ಗೊತ್ತುಂಟಾ?"

ಅವನ ಮುಖದಲ್ಲಿ ಹೆಮ್ಮೆ ಇತ್ತು. ಇರಲಿ, ತಪ್ಪಲ್ಲ. ಪಕ್ಕದ ಊರಿನ ಕಡಲ ಬದಿಯಲ್ಲಿ ಸಾಲು ಮುರಿದು ಹೊಡೆದಾಟವಾಗಿ, ಬಂದ ಟ್ಯಾಂಕರನ್ನು ಸೈನಿಕರು ಸೇತುವೆಯಿಂದಲೇ ತಿರುಗಿಸಿ ಕಳಿಸಿದ್ದರಂತೆ. ಅಲ್ಲಿಗೆ ಮತ್ತೆ ಎಣ್ಣೆ ಬಂದಿಲ್ಲ. ಇಲ್ಲಿಗೆ ಟ್ಯಾಂಕರ್ ಬರುವುದು ಮರುದಿನ ಬೆಳಿಗ್ಗೆ ಎಂದು ನಿಗದಿಯಾಗಿತ್ತು. ಸಾಲು ಅಲ್ಲಿಯವರೆಗೆ ಮುರಿಯದೆ ನಿಂತರೆ ದೋಣಿ ಇಳಿಯುತ್ತದೆ, ಇಲ್ಲವಾದರೆ ಇಡೀ ಕಡಲ ಬದಿಗೆ ಉಪವಾಸ.

ಮೂವತ್ತು ವರ್ಷ ಮಕ್ಕಳಿಗೆ ಪೌರನೀತಿ ಪಾಠ ಮಾಡಿದವಳು ನಾನು. ಬಾಯಿ ಸುಮ್ಮನಿರುತ್ತದೆಯೇ? "ಎಲ್ಲರೂ ಅಂದ್ರೆ ಯಾರ್ಯಾರು?" ಎಂದು ಕೇಳಿದೆ.

"ಎಲ್ಲರೂ ಅಂದ್ರೆ ಎಲ್ಲರೂ. ದೋಣಿ ಇರುವವರು."

ಮೀನು ಒಣಗಿಸುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿ ನಮ್ಮನ್ನೇ ನೋಡುತ್ತಿದ್ದರು. ಅವರ ನಡುವೆ ಎತ್ತರದ ಒಬ್ಬಳು, ತಲೆಗೆ ಕೆಂಪು ಬಟ್ಟೆ ಕಟ್ಟಿದವಳು. ನಾನು ನಕ್ಕೆ. ಅವಳು ನಗಲಿಲ್ಲ. ಪರದೇಶದವಳೆಂದು ಸಂಕೋಚ ಇರಬೇಕು ಎಂದುಕೊಂಡೆ.

ಗೇಟಿನ ಎದುರು

ಮಂಗಳೂರಿನವರಿಗೆ ಒಂದು ಶಬ್ದ ಚೆನ್ನಾಗಿ ಗೊತ್ತು. ಹಾಡುಹಗಲಲ್ಲಿ ಅಂಗಡಿಯ ಶಟರ್ ಎಳೆಯುವ ಶಬ್ದ. ಒಂದು ಎಳೆದರು ಎಂದರೆ ಏನೋ ಕೆಲಸ ಇರಬಹುದು. ಸಾಲಾಗಿ ನಾಲ್ಕು ಎಳೆದರೆ ಊರಲ್ಲಿ ಗಲಾಟೆ, ಮಕ್ಕಳನ್ನು ಶಾಲೆಯಿಂದ ಬೇಗ ಕರೆತರಬೇಕು. ತೊಕ್ಕೊಟ್ಟಿನ ಶಾಲೆಯಲ್ಲಿದ್ದಾಗ ಆ ಶಬ್ದ ಕೇಳಿ ಎಷ್ಟೋ ಸಲ ಪಾಠ ಅರ್ಧಕ್ಕೆ ನಿಲ್ಲಿಸಿದ್ದೇನೆ. ಅಂದು ಸಂಜೆ ಲಿಲ್ಲಿಯ ಹಿತ್ತಿಲಲ್ಲಿ ಸೌದೆ ಒಲೆಗೆ ಊದುತ್ತಾ ಕುಳಿತಿದ್ದಾಗ ಬೀದಿಯಲ್ಲಿ ಅದೇ ಶಬ್ದ ಕೇಳಿತು. ಒಂದು, ಮತ್ತೊಂದು, ಮತ್ತೆ ಸಾಲಾಗಿ. ಊದುಗೊಳವೆ ಕೆಳಗಿಟ್ಟೆ.

"ಲಿಲ್ಲಿ, ಎಂತ ಅದು?"

ಅವಳು ಉತ್ತರ ಕೊಡುವ ಮೊದಲೇ ಗೇಟು ಬಡಿಯುವ ಸದ್ದು ಬಂತು. ಕಿಟಕಿಯಿಂದ ನೋಡಿದರೆ ಬೀದಿ ತುಂಬ ಜನ. ಮೀನು ಒಣಗಿಸುವ ಹೆಂಗಸರು, ಕೂಲಿಗೆ ದೋಣಿ ಹತ್ತುವ ಗಂಡಸರು. ಎದುರಿಗೆ ಕೆಂಪು ಬಟ್ಟೆಯವಳು. ಅವಳ ಹೆಸರು ಸ್ಟೆಲ್ಲಾ ಎಂದು ಲಿಲ್ಲಿ ಹೇಳಿದಳು. ಹೊರಗಿನ ಕೂಗನ್ನು ಕೇಳುತ್ತಾ ಕೇಳುತ್ತಾ ಲಿಲ್ಲಿಯ ಮುಖ ಬಿಳಿಚಿಕೊಂಡಿತು.

"ಬಾಯ್," ಎಂದಳು. ಅಕ್ಕನಾದ ನನ್ನನ್ನು ಅವಳು ಹಾಗೆಯೇ ಕರೆಯುವುದು. "ಆಂಟನ್ ಮನೆಯೊಳಗೆ ಸೀಮೆಎಣ್ಣೆ ಅಡಗಿಸಿ ಇಟ್ಟಿದ್ದಾನಂತೆ. ನಿನ್ನೆ ಪರದೇಶದ ಹೆಂಗಸೊಬ್ಬಳು ಕ್ಯಾನಿಗೆ ಬಟ್ಟೆ ಮುಚ್ಚಿ ತಂದದ್ದನ್ನು ರಿಕ್ಷಾದವನು ನೋಡಿದ್ದಾನಂತೆ. ಯಾರಿಗೂ ಹೇಳ್ಬೇಡ ಅಂತ ಅವಳು ಸನ್ನೆ ಮಾಡಿದಳಂತೆ."

ಜೆಜು ಮರಿ! ಯೇಸುವನ್ನೂ ಮಾತೆಯನ್ನೂ ಒಟ್ಟಿಗೆ ಕರೆದೆ. ನನ್ನ ಆ ಜಾಣತನ ಇಡೀ ಊರು ಸುತ್ತಿ ಬಂದು ಗೇಟು ಬಡಿಯುತ್ತಿತ್ತು.

"ಇಷ್ಟೇನಾ? ನಾನು ಹೋಗಿ ತೋರಿಸ್ತೇನೆ," ಎಂದು ಎದ್ದೆ. ಆಂಟನ್ ಬಾಗಿಲಿಗೆ ಅಡ್ಡ ನಿಂತ.

"ಬೇಡ ಅಕ್ಕಾ. ಒಮ್ಮೆ ತೆರೆದ್ರೆ ದಿನಾ ತೆರೆಯಬೇಕು. ನಂಬಿಕೆ ಇಲ್ಲ ಅಂದ್ರೆ ನನ್ನನ್ನು ಯಾಕೆ ಮಾಡಿದ್ದು?"

"ಹೊರಗೆ ಇರುವವರು ನಿನ್ನನ್ನು ಮಾಡಿದವರು ಅಲ್ಲವಲ್ಲ," ಎಂದಳು ಲಿಲ್ಲಿ ಮೆಲ್ಲಗೆ. ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿದರೂ ಬೇಡವಾಯಿತೋ. ನಾನು ಕಿಟಕಿಯಿಂದ ಮತ್ತೆ ನೋಡಿದೆ. ಹೌದು, ಬೆಳಿಗ್ಗೆ ಆಂಟನ್‌ನ ಹೆಗಲು ತಟ್ಟಿ ಮಾತಾಡಿಸಿದ ದೋಣಿಯವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಹೆಂಚಿನ ಮೇಲೆ ಕಲ್ಲು ಬಿತ್ತು. ಒಂದು ಹೆಂಚು ಒಡೆದು ಚೂರುಗಳು ಚಾವಡಿಗೆ ಉದುರಿದವು. ಬೀದಿಯ ಕೊನೆಯಲ್ಲಿ ಇಬ್ಬರು ಸೈನಿಕರು ಬಂದೂಕು ಹಿಡಿದು ನಿಂತು ನೋಡುತ್ತಿದ್ದರು. ಇನ್ನೊಂದು ಕಲ್ಲು ಬಿದ್ದರೆ ಅವರು ಬರುತ್ತಾರೆ. ಅವರು ಬಂದರೆ ನಾಳೆ ಟ್ಯಾಂಕರ್ ಇಲ್ಲ. ಅದು ಒಳಗಿದ್ದ ನಮಗೂ ಗೊತ್ತು, ಹೊರಗಿದ್ದವರಿಗೂ ಗೊತ್ತು. ಆದರೂ ಯಾರೂ ಹಿಂದೆ ಸರಿಯಲಿಲ್ಲ.

ಆಗ ನನಗೆ ಸಿಟ್ಟು ಬಂತು. ಆಂಟನ್‌ನ ಮೇಲೋ, ನನ್ನ ಮೇಲೋ ಹೇಳಲಾರೆ. "ಸರಿ ಮಾರಾಯ ಆಚೆ!" ಎಂದು ಅವನನ್ನು ದೂಡಿ, ಎರಡೂ ಕ್ಯಾನು ಎತ್ತಿಕೊಂಡು ಅಂಗಳಕ್ಕೆ ಇಳಿದೆ. ಲಿಲ್ಲಿ ಹಿಂದೆಯೇ ಬಂದು ಗೇಟು ತೆರೆದಳು.

ಟೇಪು ಕಿತ್ತು ಮುಚ್ಚಳ ತೆಗೆದೆ. ಸ್ಟೆಲ್ಲಾ ಬಗ್ಗಿ ಮೂಸಿದಳು. ಬೆರಳು ಅದ್ದಿ ಅಂಗೈಗೆ ತಿಕ್ಕಿದಳು. ಹಿಂದಿನಿಂದ ಒಬ್ಬ ಏನೋ ಕೂಗಿದ. ಎರಡನೆಯದನ್ನೂ ತೆರೆ, ಒಂದರಲ್ಲಿ ತೆಂಗಿನೆಣ್ಣೆ ಇಟ್ಟು ಕಣ್ಣಿಗೆ ಮಣ್ಣೆರಚುತ್ತೀರಿ ಎಂದನಂತೆ. ಲಿಲ್ಲಿ ಒಳಗಿನಿಂದ ದೊಡ್ಡ ಬೋಗುಣಿ ತಂದಿಟ್ಟಳು. ರೋಸಿನ ಎಣ್ಣೆ, ಅಮ್ಮ ಮುಟ್ಟಿ ಶಿಲುಬೆಯ ಗುರುತು ಹಾಕಿ ಕೊಟ್ಟ ಎಣ್ಣೆ. ಎಲ್ಲರ ಕಣ್ಣೆದುರು ಅಷ್ಟನ್ನೂ ಸುರಿದೆ. ಬೀದಿಯೆಲ್ಲ ಕೊಬ್ಬರಿಯ ಪರಿಮಳ. ಸ್ಟೆಲ್ಲಾ ಎಣ್ಣೆ ಹತ್ತಿದ ಅಂಗೈಯನ್ನು ತನ್ನ ತಲೆಗೇ ಒರೆಸಿಕೊಂಡಳು. ಹಿಂದಿದ್ದ ಮುದುಕಿಯೊಬ್ಬಳಿಗೆ ಕಿಸಕ್ಕನೆ ನಗು ಬಂತು.

ಇನ್ನು ಕ್ಷಮೆ ಕೇಳಿ ಮನೆಗೆ ಹೋಗುತ್ತಾರೆ ಎಂದುಕೊಂಡೆ. ಯಾರೂ ಹೋಗಲಿಲ್ಲ. ಸ್ಟೆಲ್ಲಾ ಆಂಟನ್ ಕಡೆ ತಿರುಗಿ ಮಾತಾಡಿದಳು. ಸಿಟ್ಟಿನ ಗುರುತೇ ಇಲ್ಲದ ಮಾತು. ಲಿಲ್ಲಿ ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು.

"ನೀನು ಕದ್ದಿಲ್ಲ, ಆಯ್ತು. ಆದರೆ ಕಳೆದ ಸಲ ಬಂದ ಎಣ್ಣೆಯೆಲ್ಲ ದೋಣಿಗೆ ಹೋಯ್ತು. ನಮ್ಮ ಒಲೆಗೆ ಒಂದು ಬಾಟ್ಲಿ ಇಲ್ಲ. ಗ್ಯಾಸ್ ಇಲ್ಲ, ಸೌದೆಗೆ ಹೋದ್ರೆ ತೋಟದವರು ಓಡಿಸ್ತಾರೆ. ಕೂಲಿಗೆ ಬರುವವರಿಗೂ ಇಲ್ಲ. ನಿನ್ನನ್ನು ಮಾಡುವಾಗ ನಮ್ಮನ್ನು ಯಾರು ಕೇಳಿದ್ದು? ನಾಳೆ ಟ್ಯಾಂಕರಿನ ಬಾಯಿ ತೆರೆಯುವ ಮೊದಲು ಎಲ್ಲರೂ ಕೈ ಎತ್ತಬೇಕು."

"ಟ್ಯಾಂಕರಿನ ಎದುರು ಇದೆಲ್ಲ ಮಾಡಿದ್ರೆ ಗಲಾಟೆ ಆಗ್ತದೆ. ಅದು ಹಿಂದೆ ಹೋಗ್ತದೆ," ಎಂದ ಆಂಟನ್.

"ಹೋಗ್ಲಿ. ಬಂದ್ರೂ ನಮಗೆ ಸಿಗುವುದಿಲ್ಲವಲ್ಲ."

ಆ ಮಾತಿಗೆ ನಾನು ನಿಜವಾಗಿ ಹೆದರಿದೆ. ಕೊಲಂಬೋದಲ್ಲೂ ಆಗ ದೊಡ್ಡವರ ಮನೆಯ ಗೇಟುಗಳ ಮುಂದೆ ಜನ ಸೇರುತ್ತಿದ್ದರು. ಟಿವಿಯಲ್ಲಿ ನೋಡುವಾಗ ಹಸಿವಿನಿಂದ ಬಂದವರು ಎಂದಷ್ಟೇ ನನಗೆ ಅನಿಸಿತ್ತು. ಇಲ್ಲಿ ಅಂಗಳದಲ್ಲಿ ನಿಂತಾಗ ಬೇರೆಯೂ ಕಂಡಿತು. ಕಷ್ಟ ಎಲ್ಲರಿಗೂ ಬಂದಿತ್ತು, ಸಾಲು ಮುರಿಯದೆ ಇರಬೇಕೆಂಬ ಆಸೆ ಮಾತ್ರ ಸಾಲಿನಲ್ಲಿ ಕ್ಯಾನು ಇದ್ದವರಿಗೆ. ಇಲ್ಲದವರಿಗೆ ಅದು ಉಳಿದರೂ ಅಷ್ಟೆ, ಹರಿದರೂ ಅಷ್ಟೆ. ಸುಳ್ಳು ಸುದ್ದಿಗೆ ಕಾಲು ಬರಲು ಇನ್ನೇನು ಬೇಕು? ನಮ್ಮಲ್ಲಂತೂ ಒಂದು ವಾಟ್ಸಾಪ್ ಸಾಕಾಗುತ್ತದೆ.

ರಾತ್ರಿ ಊಟಕ್ಕೆ ನಮ್ಮ ಸೇಮಿಗೆಯಂಥದ್ದೇ ಇಂದಿಯಾಪ್ಪ, ಕಾಯಿ ಚಟ್ನಿ. ಆಂಟನ್ ತಟ್ಟೆ ಮುಟ್ಟಲಿಲ್ಲ. "ಹಗಲಿರುಳು ಇವರಿಗಾಗಿ ಸತ್ತೆ. ಕಳ್ಳ ಅಂದ್ರು," ಎಂದು ಗೋಡೆಗೆ ಹೇಳಿದ. ಲಿಲ್ಲಿಯೂ ಮಗಳೂ ಬೋಗುಣಿಯ ಎಣ್ಣೆಯನ್ನು ಬಟ್ಟೆಯಲ್ಲಿ ಸೋಸಿ ಮತ್ತೆ ಕ್ಯಾನಿಗೆ ತುಂಬಿಸುತ್ತಿದ್ದರು. ನನಗೆ ಅವನನ್ನು ಕಂಡು ಪಾಪ ಎನಿಸಿತು. ಕಳ್ಳನೆಂದು ಕರೆಸಿಕೊಂಡದ್ದು ನನ್ನಿಂದ.

ಟ್ಯಾಂಕರ್ ಬಂದ ಬೆಳಿಗ್ಗೆ

ಕಡಲ ಬದಿಗೆ ಹೋಗುವಾಗಲೇ ಎರಡು ಗುಂಪು ಆಗಿತ್ತು. ಕ್ಯಾನುಗಳ ಸಾಲಿಗೆ ಒತ್ತಿ ದೋಣಿಯವರು, ಅವರ ಹಿಂದೆ ಅವರ ಹೆಂಡಿರು. ಎದುರಿಗೆ ರಸ್ತೆಗೆ ಅಡ್ಡಲಾಗಿ ಸ್ಟೆಲ್ಲಾ, ಮೀನಿನ ಹೆಂಗಸರು, ಕೂಲಿಯವರು. ಕೆಲವರ ಕೈಯಲ್ಲಿ ಹುಟ್ಟು ಇತ್ತು. ದೋಣಿ ನಡೆಸಲು ತಂದದ್ದಲ್ಲ ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಕೂಲಿಯವರಲ್ಲಿ ಒಬ್ಬ ಯುವಕ ಕ್ಯಾನುಗಳ ಹಗ್ಗದ ತುದಿ ಹಿಡಿದು ಚೂರಿ ಇಟ್ಟು ನಿಂತಿದ್ದ. ಆ ಹಗ್ಗ ಹರಿದರೆ ಯಾರ ಕ್ಯಾನು ಎಲ್ಲಿತ್ತು ಎಂಬುದೇ ಉಳಿಯುವುದಿಲ್ಲ.

ಟ್ಯಾಂಕರ್ ಬಂತು. ಡ್ರೈವರ್ ಎಂಜಿನ್ ನಿಲ್ಲಿಸಲಿಲ್ಲ. ಮುಂದಿನ ಜೀಪಿನಿಂದ ಒಬ್ಬ ಅಧಿಕಾರಿ ಇಳಿದು, ನೋಡಿ, ಒಂದೇ ಪ್ರಶ್ನೆ ಕೇಳಿದ, ಲಿಲ್ಲಿ ನನಗೆ ಬಿಡಿಸಿ ಹೇಳಿದಳು. "ಇಲ್ಲಿ ಜವಾಬ್ದಾರಿ ಯಾರದು?"

ಒಂದು ಕಡೆಯಿಂದ ಆಂಟನ್‌ನ ಹೆಸರು, ಇನ್ನೊಂದು ಕಡೆಯಿಂದ ಸ್ಟೆಲ್ಲಾಳ ಹೆಸರು. ಎರಡೂ ಒಟ್ಟಿಗೆ ಎದ್ದು, ತಳ್ಳಾಟ ಶುರುವಾಯಿತು. ಅಧಿಕಾರಿ ಡ್ರೈವರ್ ಕಡೆ ಕೈ ಮಾಡಿದ. ಟ್ಯಾಂಕರ್ ಹಿಂದಕ್ಕೆ ಚಲಿಸತೊಡಗಿತು. ಅಯ್ಯೋ ದೇವಾ, ಮುಗಿಯಿತು ಎಂದುಕೊಂಡೆ.

ಆಂಟನ್ ಓಡಿ ಹೋಗಿ ಟ್ಯಾಂಕರಿನ ಹಿಂದೆ ನಿಂತುಬಿಟ್ಟ. ಸೈನಿಕನೊಬ್ಬ ಬಂದೂಕಿನ ಹಿಡಿಯಿಂದ ಅವನ ಎದೆಗೆ ತಳ್ಳಿದ. ಅವನು ಕದಲಲಿಲ್ಲ. ಅಧಿಕಾರಿಗೆ ಕೈಮುಗಿದು ಸ್ವಲ್ಪ ಸಮಯ ಬೇಡಿಕೊಂಡ, ಅಧಿಕಾರಿ ಕೈ ತೋರಿಸಿ ಟ್ಯಾಂಕರನ್ನು ತಡೆದ. ಆಮೇಲೆ ಕವುಚಿ ಹಾಕಿದ್ದ ಒಂದು ದೋಣಿಯ ಮೇಲೆ ಹತ್ತಿ ಎರಡೂ ಗುಂಪಿಗೆ ಕೇಳುವಂತೆ ಕೂಗಿದ. ಲಿಲ್ಲಿ ನನ್ನ ತೋಳು ಹಿಡಿದಿದ್ದಳು. "ಎಲ್ಲರೂ ಕೈ ಎತ್ತಿ ಅಂತ ಹೇಳ್ತಾ ಇದ್ದಾನೆ," ಎಂದಳು. "ದೋಣಿ ಇದ್ದವರೂ, ಇಲ್ಲದವರೂ, ಹೆಂಗಸರೂ."

ಮೊದಲು ಆಂಟನ್‌ಗೆ. ದೋಣಿಯವರ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಕೂಲಿಯವರಲ್ಲೂ ಹಲವರು ಹೆದರಿಯೋ, ಋಣದಿಂದಲೋ ಎತ್ತಿದರು. ಆಮೇಲೆ ಸ್ಟೆಲ್ಲಾಳಿಗೆ. ಅವಳ ಕಡೆಯ ಕೈಗಳೂ ಎದ್ದವು. ಕಣ್ಣಿಗೆ ಎರಡೂ ಸರಿಸಮ. ಅಧಿಕಾರಿ ಗಡಿಯಾರ ನೋಡಿದ. ಚೂರಿಯವನು ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

ನನ್ನ ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ಲಿಲ್ಲಿ ಕೈ ಎತ್ತಿದಳು.

ಸ್ಟೆಲ್ಲಾಳಿಗೆ! "ಏ, ನಿನಗೆ ಎಂತ ಮರುಳಾ? ಕೆಳಗೆ ಹಾಕು!" ಎಂದು ಪಿಸುಗುಟ್ಟಿದೆ. ಅವಳು ಹಾಕಲಿಲ್ಲ. ಕೈ ನೆಟ್ಟಗೆ ಇತ್ತು. ದೋಣಿಯ ಮೇಲೆ ನಿಂತಿದ್ದ ಆಂಟನ್ ಅದನ್ನು ಕಂಡ. ಸುತ್ತಲಿನವರೂ ಕಂಡರು.

ಆಮೇಲೆ ದೋಣಿಯವರ ಬೆನ್ನ ಹಿಂದೆ, ಅದುವರೆಗೆ ಯಾರಿಗೂ ಕೈ ಎತ್ತದೆ ನಿಂತಿದ್ದ ಅವರ ಹೆಂಡಿರಲ್ಲಿ ಒಬ್ಬಳು ಕೈ ಎತ್ತಿದಳು. ಅವಳ ಪಕ್ಕದವಳು ಎತ್ತಿದಳು. ಅವಳ ಅತ್ತೆಯೂ ಎತ್ತಿದಳು. ಗಂಡಸರು ಹಿಂದೆ ತಿರುಗಿ ನೋಡುವಷ್ಟರಲ್ಲಿ ಎಣಿಸುವ ಅಗತ್ಯವೇ ಇರಲಿಲ್ಲ.

ಅಧಿಕಾರಿ ಮತ್ತೆ ಕೇಳಿದ, "ಯಾರದು ಜವಾಬ್ದಾರಿ?" ದೋಣಿಯವರು ಕಿರುಚಾಡುತ್ತಿದ್ದರು, ಆಂಟನ್ ಒಂದು ಮಾತು ಹೇಳಿದ್ದರೆ ಸಾಕಿತ್ತು, ರಕ್ತ ಹರಿಯುತ್ತಿತ್ತು. ಅವನು ಎದ್ದ ಕೈಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ಕೊನೆಗೆ ಸ್ಟೆಲ್ಲಾಳ ಕಡೆ ಬೆರಳು ತೋರಿಸಿ ದೋಣಿಯಿಂದ ಇಳಿದ. ಟ್ಯಾಂಕರಿನ ಎಂಜಿನ್ ನಿಂತಿತು.

ಆ ದಿನ ದೋಣಿಗಳಿಗೆ ಮೊದಲಿಗಿಂತ ಕಡಿಮೆ ಸಿಕ್ಕಿತು. ಪ್ರತಿ ಮನೆಯ ಒಲೆಗೂ ಒಂದೊಂದು ಬಾಟ್ಲಿ ಸಿಕ್ಕಿತು. ಬೈಗುಳ ಬೇಕಾದಷ್ಟು ಆಯಿತು. ಹಗ್ಗ ಹರಿಯಲಿಲ್ಲ.

ಅಡುಗೆ ಕೋಣೆ

ಮನೆಗೆ ಬಂದ ಮೇಲೆ ಲಿಲ್ಲಿಯನ್ನು ಹಿಡಿದು ಬೈದೆ. ಗಂಡನ ಮರ್ಯಾದೆಯನ್ನು ಊರೆದುರು ಹೀಗಾ ತೆಗೆಯುವುದು? ಎಂತ ಹೇಳುವುದಿದ್ದರೂ ಮನೆಯೊಳಗೆ ಹೇಳಬಾರದಿತ್ತಾ?

"ಮನೆಯೊಳಗೆ ನನ್ನನ್ನು ಯಾರು ಕೇಳಿದ್ದು ಬಾಯ್?" ಎಂದಳು. ಸ್ಟವ್‌ಗೆ ಎಣ್ಣೆ ಹೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ. "ಆ ದೋಣಿ ತೆಗೆದದ್ದು ಕುವೈಟಲ್ಲಿ ನಾನು ನೈಟ್ ಡ್ಯೂಟಿ ಮಾಡಿದ ದುಡ್ಡಲ್ಲಿ. ಎಷ್ಟು ದೊಡ್ಡದು ಬೇಕು, ಯಾವ ಎಂಜಿನ್, ಯಾರನ್ನು ಕೂಲಿಗೆ ಕರೀಬೇಕು, ಒಂದು ಮಾತು ಕೇಳ್ಲಿಲ್ಲ. ಇಗರ್ಜಿ ಎದುರು ಕೈ ಎತ್ತುವಾಗ ನಾನೂ ಹೋಗಿದ್ದೆ ಗೊತ್ತುಂಟಾ? ದೋಣಿ ಅವನ ಹೆಸರಲ್ಲಿ ಉಂಟು, ನೀನು ಮನೆಗೆ ಹೋಗು ಅಂದ್ರು. ಅವನೂ ಅಲ್ಲೇ ನಿಂತಿದ್ದ. ಅವನು ಒಳ್ಳೆಯವನೇ ಬಾಯ್. ಕದಿಯುವವನಲ್ಲ. ಆದರೆ ನನಗೆ ಹೊಟ್ಟೆ ಉರೀತದೆ."

ಅಷ್ಟು ವರ್ಷದಲ್ಲಿ ಫೋನಿನಲ್ಲಿ ಅವಳು ಇದನ್ನು ಒಮ್ಮೆಯೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಂಟನ್ ಹೊರಗಿನ ಮೆಟ್ಟಿಲಿನಲ್ಲಿ ಕುಳಿತಿದ್ದ. ಕೊಂಕಣಿ ಅವನಿಗೆ ತಿಳಿಯುತ್ತದೆ, ಅಡುಗೆ ಕೋಣೆಯ ಬಾಗಿಲು ತೆರೆದೇ ಇತ್ತು. ಬಹಳ ಹೊತ್ತಿನ ಮೇಲೆ ಎದ್ದು ಬಂದು ಬಾಗಿಲಲ್ಲಿ ನಿಂತ. ನಾನು ಇಬ್ಬರ ನಡುವೆ ಹೋಗಿ ನಿಲ್ಲಬೇಕೋ ಬೇಡವೋ ತಿಳಿಯದೆ ಒಂದು ಸೌಟು ಹಿಡಿದುಕೊಂಡು ನಿಂತೆ.

"ಸಿಕ್ಕಿದ ಎಣ್ಣೆ ಒಂದು ಸಲ ಹೋಗಿ ಬರ್ಲಿಕ್ಕೆ ಮಾತ್ರ ಸಾಕು," ಎಂದ. ಧ್ವನಿ ಒಡೆದಿತ್ತು. "ನಾಳೆ ದೋಣಿ ಇಳಿಸುವುದಾ, ನಿಲ್ಲಿಸಿಡುವುದಾ? ನೀನು ಹೇಳು ಲಿಲ್ಲಿ."

ಲಿಲ್ಲಿ ಕಡ್ಡಿ ಗೀರಿದಳು. ಸ್ಟವ್ ಹೊತ್ತಿಕೊಂಡಿತು. ಅವಳಿಗೆ ಯೋಚಿಸಬೇಕಾಗಿತ್ತು. ಅವನು ಬಾಗಿಲಲ್ಲೇ ಕಾದು ನಿಂತ.